ಕಂಪನಿ ಹೋತು, ಕಾರು ಉಳೀತು!

ಅಣ್ಣಿಗೇರಿ ಬಸ್ ನಿಲ್ದಾಣದ ಎದುರು ಮುಂಜಾನೆ ಏಳರ ಸುಮಾರಿಗೆ ಚಹಾ ಕುಡಿಯುತ್ತ ನಿಂತವರಿಗೆ ಹೊತ್ತು ಕಳೆಯಲು ಒಂದು ವಿಷಯ ಬೇಕು. ಮಳೆ, ಕಡಲೆ ದರ, ರಾಜಕಾರಣ ಮುಗಿದ ಮೇಲೆ ಉಳಿಯುವುದು ನಮ್ಮ ಕಿರಾಣಿ ಸಾಹುಕಾರರ ಬಿಳಿ ಕಾರು. ಹುಬ್ಬಳ್ಳಿ ಬಸ್ಸು ಬರುವ ತನಕ ಅದರ ಮೇಲೆ ನಾಲ್ಕು ಮಾತು ಆಡದಿದ್ದರೆ ಕೆಲವರಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ.

“ಏನ್ರಿ ಸಾವಕಾರ್ರ, ಫ್ರಾನ್ಸಿನ ಅಳಿಯಾ ಇವತ್ತ ಎದ್ದಾನೋ ಇಲ್ಲೋ?”

“ಎದ್ದಾನ್ರಿ. ಚಾ ಬ್ಯಾಡಂತಾನ, ಡೀಸೆಲ್ ಅಷ್ಟ ಕುಡೀತಾನ.”

ಕಾರಿನ ಹೆಸರು ಲೋಗನ್. ಮಹೀಂದ್ರಾ ಕಂಪನಿ ಮತ್ತು ಫ್ರಾನ್ಸಿನ ರೆನೋ ಕಂಪನಿ ಕೂಡಿ ನಾಸಿಕದಲ್ಲಿ ಮಾಡಿದ ಗಾಡಿ. ಇದು 2009ರ ಡೀಸೆಲ್ ಮಾಡೆಲ್ಲು. ಸಾಹುಕಾರರು ಕೊಂಡಿದ್ದು 2016ರಲ್ಲಿ, ಸೆಕೆಂಡ್ ಹ್ಯಾಂಡ್. ಅದೇ ವಯಸ್ಸಿನ ಬೇರೆ ಕಾರುಗಳಿಗಿಂತ ಬಹಳ ಸೋವಿ ಸಿಕ್ಕಿತೆಂದು ಆವಾಗ ಮನೆಮಂದಿಗೆಲ್ಲ ಹಿಗ್ಗು. ಯಾಕೆ ಅಷ್ಟು ಸೋವಿ ಎಂಬುದು ಗಾಡಿ ಮನೆಗೆ ಬಂದ ಮೇಲೆ ತಿಳಿಯಿತು. ಫ್ರೆಂಚ್ ಕಂಪನಿ ಪಾಲುದಾರಿಕೆ ಬಿಟ್ಟು ಹೋಗಿದೆ, ಪಾರ್ಟು ಸಿಗುವುದಿಲ್ಲ, ಮುಂದೆ ಮಾರಿದರೆ ಕೊಳ್ಳುವವರಿಲ್ಲ ಎಂಬುದು ಊರ ಮಾತು.

ಆ ಮಾತು ಅರ್ಧ ಖರೆ, ಅರ್ಧ ಸುಳ್ಳು. ಯಾವ ಅರ್ಧ ಖರೆ ಎಂಬುದು ಗೊತ್ತಿಲ್ಲದೆ ನಮ್ಮ ತಾಲೂಕುಗಳಲ್ಲಿ ಎಷ್ಟೋ ಜನ ಓಡುವ ಗಾಡಿಯನ್ನು ಗುಜರಿಗೆ ಹಾಕಿದ್ದಾರೆ. ಇನ್ನೆಷ್ಟೋ ಜನ ಓಡದ ಗಾಡಿಗೆ ದುಡ್ಡು ಸುರಿದಿದ್ದಾರೆ. ಅದಕ್ಕೇ ಈ ಲೇಖನ.

ಬೆಲ್ಲದ ಪೆಂಟಿ ಮೇಲೆ ಕೂತ ಏಜೆಂಟ

2024ರಲ್ಲಿ ಈ ಅಳಿಯನಿಗೆ ಹದಿನೈದು ವರ್ಷ ತುಂಬಿತು. ಎಲ್ಲಿಂದಲೋ ಸುಳಿವು ಹಿಡಿದ ಏಜೆಂಟನೊಬ್ಬ ಅಂಗಡಿಗೆ ಬಂದು ಬೆಲ್ಲದ ಪೆಂಟಿಯ ಮೇಲೆ ಕೂತ.

“ಸಾವಕಾರ್ರ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಬಂದ್ ಮಾಡ್ಯಾರ. ನಾಳೆ ರಸ್ತೆದಾಗ ಹಿಡದ್ರ ಒಂದ್ ಪೈಸಾನೂ ಕೈಗೆ ಹತ್ತೂದಿಲ್ಲ. ಗುಜರಿ ರೇಟಿಗೆ ಕೊಟ್ಟ ಬಿಡ್ರಿ. ಹೊಸಾದಕ್ಕ ಲೋನ್ ನಾ ಮಾಡಿಸ್ತೀನಿ.”

ಸಾಹುಕಾರರು ಅಂಜಿದರು. ಕೊಟ್ಟುಬಿಡುವುದೇ ಸರಿ ಎಂದು ಮನಸ್ಸೂ ಮಾಡಿದರು. ತಡೆದವರು ಅವರ ಮನೆಯವರು.

“ಇದನ್ನ ಕೊಟ್ರ ಅತ್ತಿಯವರನ್ನ ಹುಬ್ಬಳ್ಳಿಗೆ ಹೆಂಗ ಕರ್ಕೊಂಡ ಹೋಗ್ತೀರಿ?”

ಸಾಹುಕಾರರ ತಾಯಿಯವರಿಗೆ ವಾರಕ್ಕೆರಡು ಸಲ ಹುಬ್ಬಳ್ಳಿ ದವಾಖಾನೆಯಲ್ಲಿ ಡಯಾಲಿಸಿಸ್. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಸುಮಾರು 35 ಕಿಲೋಮೀಟರು; ಹೋಗಿ ಬರಲು 70. ವಾರಕ್ಕೆರಡು ಸಲವೆಂದರೆ ವರ್ಷಕ್ಕೆ ಏಳು ಸಾವಿರ ಕಿಲೋಮೀಟರಿನ ಮೇಲಾಯಿತು. ಬಸ್ಸಿದೆಯಲ್ಲ ಎನ್ನಬಹುದು. ಇದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೀಟು ಕೂಡ ಇಲ್ಲ. ಅಜ್ಜಿ ಹೋಗುವಾಗ ಖುಷಿಯಿಂದ ಬಸ್ಸಿನಲ್ಲಿ ಹೋದದ್ದೂ ಉಂಟು. ಆದರೆ ನಾಲ್ಕು ತಾಸು ಯಂತ್ರಕ್ಕೆ ರಕ್ತ ಕೊಟ್ಟು ಎದ್ದ ಜೀವ, ತಲೆ ಸುತ್ತುವಾಗ ಸಂಜೆಯ ಗದ್ದಲದ ಬಸ್ಸಿನಲ್ಲಿ ಸಲಾಕಿ ಹಿಡಿದು ನಿಂತು ಬರಲಾದೀತೇ? ದಿನಾ ಆ ಬಸ್ಸಿನಲ್ಲಿ ಬರುವ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಡಿಗೆ ಗಾಡಿ ಮಾಡಿದರೆ ತಿಂಗಳಿಗೆ ಎಂಟು ಒಂಬತ್ತು ಖೇಪು. ಕಿರಾಣಿ ಅಂಗಡಿಯ ಗಳಿಕೆ ಅದಕ್ಕೇ ಸರಿಯಾದೀತು.

ಅಂದ ಮೇಲೆ ಈ ಮನೆಯಲ್ಲಿ ಕಾರು ಶೋಕಿಯ ವಸ್ತುವಲ್ಲ. ಅದು ನಡೆದರೆ ಅಜ್ಜಿಯ ಚಿಕಿತ್ಸೆ ನಡೆಯುತ್ತದೆ. ಹೊಸದು ಕೊಂಡರೆ ಸಾಲದ ಕಂತು. ಇದು ನಿಂತರೆ ಬಾಡಿಗೆ. ನಡುವೆ ಉಳಿದ ದಾರಿ ಒಂದೇ: ಇದ್ದದ್ದನ್ನು ಕಡಿಮೆ ಖರ್ಚಿನಲ್ಲಿ ಹದವಾಗಿ ಇಟ್ಟುಕೊಳ್ಳುವುದು.

ಖರೆ ಕಾನೂನು ಏನು?

ಏಜೆಂಟ ಹೇಳಿದ ಹತ್ತು ವರ್ಷದ ಬಂದ್ ಸುದ್ದಿ ಪೂರಾ ಹುಟ್ಟಿಸಿದ್ದಲ್ಲ, ಆದರೆ ನಮ್ಮೂರಿನದಲ್ಲ. 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿದ್ದು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿದದ್ದು ದಿಲ್ಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ. ದಿಲ್ಲಿಯ ಹೊಗೆಯ ಕಾನೂನನ್ನು ಅಣ್ಣಿಗೇರಿಯ ಅಂಗಡಿಯಲ್ಲಿ ಮಾರಲು ಬಂದಿದ್ದ ಆಸಾಮಿ!

ನಮ್ಮಲ್ಲಿ ಸ್ವಂತ ಉಪಯೋಗದ ಕಾರಿಗೆ ಹದಿನೈದು ವರ್ಷ ತುಂಬಿದರೆ ನೋಂದಣಿ ನವೀಕರಣ ಮಾಡಿಸಬೇಕು. ಅವಧಿ ಮುಗಿಯುವ ಮೊದಲಿನ 60 ದಿನದೊಳಗೆ ನಮೂನೆ 25ರಲ್ಲಿ ಅರ್ಜಿ ಹಾಕಬೇಕು. ಗಾಡಿಯನ್ನು ಒಯ್ದು ತೋರಿಸಬೇಕು. ಪಾಸಾದರೆ ಮುಂದಿನ ಐದು ವರ್ಷಕ್ಕೆ ಮುದ್ರೆ. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 5,000 ಆಯಿತು. ತಡ ಮಾಡಿದರೆ ತಿಂಗಳಿಗೆ 500ರಂತೆ ದಂಡ. ಗ್ರೀನ್ ತೆರಿಗೆ ಬೇರೆ. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಶುಲ್ಕವನ್ನು 10,000ಕ್ಕೆ ಏರಿಸಿದರು. ಹಳೆಯ ಗಾಡಿ ಇಡುವವನ ಮೇಲೆ ಸರಕಾರದ ಪ್ರೀತಿ ಕಡಿಮೆಯಾಗುತ್ತಿದೆ ಎಂಬುದು ಸ್ಪಷ್ಟ. ಆದರೆ ಪ್ರೀತಿ ಕಡಿಮೆ ಆಗುವುದು ಬೇರೆ, ಬಂದ್ ಆಗುವುದು ಬೇರೆ.

ಸಾಹುಕಾರರು ಲೆಕ್ಕ ಹಾಕಿದರು. ಐದು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸಾವಿರ. ಏಜೆಂಟನಿಗೆ ಒಂದು ಚಹಾ ಕುಡಿಸಿ ಕಳಿಸಿಕೊಟ್ಟರು.

ಜೀಪಿನೊಳಗೆ ಕೂತಿದ್ದ ಫ್ರಾನ್ಸು

ಚಹಾದ ಅಂಗಡಿಯಲ್ಲಿ ನಗುವವರೆಲ್ಲ ಒಂದು ಮಾತು ಮರೆತಿದ್ದಾರೆ. ಅವರೂ ಫ್ರೆಂಚ್ ಎಂಜಿನ್ನಿನ ಹಿಂದೆ ಕೂತು ತಿರುಗಿದವರೇ!

ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ, ಬೀಗರ ಊರಿನ ಮದುವೆಗೆ ನಾವೆಲ್ಲ ಜೀಪಿನಲ್ಲಿ ಒತ್ತಿಕೊಂಡು ಹೋದವರಲ್ಲವೇ? ಮಹೀಂದ್ರಾ ಕಂಪನಿ ತನ್ನ ಜೀಪುಗಳಿಗೆ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಪರವಾನಿಗೆ ಪಡೆದು ಡೀಸೆಲ್ ಎಂಜಿನ್ ಮಾಡತೊಡಗಿದ್ದು 1979ರಲ್ಲಿ. ಎಂಎಂ 540 ಜೀಪಿನ ಬಾನೆಟ್ ಎತ್ತಿದರೆ ಕಾಣುತ್ತಿದ್ದುದು ಅದೇ 2,112 ಸಿಸಿ ಎಂಜಿನ್ನು. 2000ದಲ್ಲಿ ಬಂದ ಮೊದಲ ಬೊಲೆರೊದ ಎಂಜಿನ್ನೂ ಪ್ಯೂಜೋ ಮನೆತನದ್ದೇ. ಹಳ್ಳಿಯ ಮಿಸ್ತ್ರಿಗಳು ಅದನ್ನು ಬೇವಿನ ಮರದ ಕೆಳಗೆ ಬಿಚ್ಚಿ ಕಟ್ಟಿದರು. ಯಾರೂ ಅದನ್ನು ಫಾರಿನ್ ಎನ್ನಲಿಲ್ಲ. ಹೆಸರು ನಮ್ಮದಿತ್ತು, ಪಾರ್ಟು ಪ್ಯಾಟಿಯಲ್ಲಿ ಸಿಗುತ್ತಿತ್ತು, ಮಾತು ಮುಗಿಯಿತು.

ಹೆಸರೂ ಫ್ರೆಂಚ್ ಆದಾಗ ಕಥೆ ಬೇರೆಯಾಯಿತು. ಪ್ಯೂಜೋ ಮತ್ತು ಮುಂಬಯಿಯ ಪ್ರೀಮಿಯರ್ ಕಂಪನಿ ಕೂಡಿ 1994ರಲ್ಲಿ ಪ್ಯೂಜೋ 309 ಕಾರನ್ನು ಮಾರುಕಟ್ಟೆಗೆ ತಂದವು. ಪದ್ಮಿನಿ ಫಿಯೆಟ್ ಕಂಡಿದ್ದ ಜನಕ್ಕೆ ಅದು ಸ್ವರ್ಗದ ರಥವೇ ಸರಿ. ಆದರೆ ಯುರೋಪಿನಲ್ಲಿ ಆ ಮಾಡೆಲ್ಲಿನ ಕಾಲ ಮುಗಿದಿತ್ತು. ನಮಗೆ ಬಂದದ್ದು ಅಲ್ಲಿ ಊಟವಾದ ಮೇಲಿನ ಪಂಕ್ತಿ. 1997ರಲ್ಲಿ ಫ್ರೆಂಚರು ಕೈ ಬಿಟ್ಟು ಹೋದರು. ಗಾಡಿ ಕೊಂಡವರು ಇಲ್ಲೇ ಉಳಿದರು.

ಲೋಗನ್ ಕಥೆಯೂ ಹತ್ತಿರ ಹತ್ತಿರ ಅದೇ. ರೆನೋ ಕಂಪನಿ ರೊಮೇನಿಯಾ ದೇಶದ ತನ್ನ ದಾಚಿಯಾ ಕಾರಖಾನೆಯಲ್ಲಿ 2004ರಲ್ಲಿ ಐದು ಸಾವಿರ ಯುರೋದ ಬಡವರ ಕಾರು ಎಂದು ಇದನ್ನು ಹುಟ್ಟಿಸಿತು. ಖರ್ಚು ಉಳಿಸಲು ಎಡ ಬಲದ ಕನ್ನಡಿಗಳನ್ನು ಒಂದೇ ಅಚ್ಚಿನಲ್ಲಿ ಮಾಡಿದರು, ಮುಂದಿನ ಗಾಜನ್ನು ಹೆಚ್ಚು ಬಾಗಿಸಲಿಲ್ಲ. ನಮ್ಮಲ್ಲಿ 2007ರಲ್ಲಿ ಬಂತು. 2010ರಲ್ಲಿ ರೆನೋ ತನ್ನ ಪಾಲು ಮಹೀಂದ್ರಾಕ್ಕೆ ಬಿಟ್ಟುಕೊಟ್ಟಿತು. 2011ರಲ್ಲಿ ಅದೇ ಕಾರಿಗೆ ವೆರಿಟೊ ಎಂದು ಮರುನಾಮಕರಣವಾಯಿತು. ಈಗ ವೆರಿಟೊ ಕೂಡ ಹೊಸದಾಗಿ ಸಿಗುವುದಿಲ್ಲ.

ಎರಡೂ ಕಾರುಗಳ ಕಂಪನಿ ಪಾಲುದಾರಿಕೆ ಮುರಿಯಿತು. ಆದರೂ ಇವತ್ತು ಒಂದು ರಸ್ತೆಯಲ್ಲಿದೆ, ಇನ್ನೊಂದು ಕಾಣಸಿಗುವುದೇ ಅಪರೂಪ. ನವಲಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ನಾವು ಕಂಡ 309ರಲ್ಲಿ ಈಗ ಕೋಳಿಗಳ ಸಂಸಾರ. ಯಾಕೆ ಹೀಗೆ?

ಬೀಗರ ಬಳಗ

ಈ ಗುಟ್ಟನ್ನು ಸಾಹುಕಾರರಿಗೆ ಹೇಳಿಕೊಟ್ಟವರು ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿ.

“ಸಾವಕಾರ್ರ, ಹೆಣ್ಣು ಕೊಡೂ ಮುಂದ ಏನ್ ನೋಡ್ತೀರಿ? ಬಳಗ ನೋಡ್ತೀರಿ ಹೌದಲ್ರಿ? ಗಾಡೀದೂ ಹಂಗ. ಇದರ ಬೀಗರು ಯಾರ್ಯಾರು ಅಂತ ತಿಳ್ಕೊರಿ. ಬಳಗ ದೊಡ್ಡದಿದ್ರ ಕಂಪನಿ ಸತ್ರೂ ಗಾಡಿ ಸಾಯೂದಿಲ್ಲ.”

ಲೋಗನ್ ಬಳಗ ನೋಡಿರಿ. ಅದರ 1,461 ಸಿಸಿ ಡೀಸೆಲ್ ಎಂಜಿನ್ನಿಗೆ ಕಂಪನಿಯ ಹೆಸರು ಕೆ9ಕೆ. ಇದೇ ಎಂಜಿನ್ನು ವೆರಿಟೊದಲ್ಲಿದೆ. 2012ರಲ್ಲಿ ಬಂದ ಡಸ್ಟರಿನಲ್ಲಿದೆ. ನಿಸ್ಸಾನಿನ ಮೈಕ್ರಾ, ಸನ್ನಿ, ಟೆರಾನೊ ಡೀಸೆಲ್ ಗಾಡಿಗಳಲ್ಲಿದೆ. ಹುಬ್ಬಳ್ಳಿಯ ಯಾವ ದೊಡ್ಡ ಗ್ಯಾರೇಜಿಗೆ ಹೋದರೂ ಇದರ ಪರಿಚಯ ಇದ್ದವನೊಬ್ಬ ಸಿಗುತ್ತಾನೆ. ಬಾಗಿಲು, ಬಂಪರು, ಸಸ್ಪೆನ್ಶನ್ ಬೇಕಾದರೆ ವೆರಿಟೊ ಎಂಬ ಒಡಹುಟ್ಟಿದವನಿದ್ದಾನೆ. ಹೀಗಾಗಿ ‘ಲೋಗನ್ ಪಾರ್ಟ್ ಐತೇನ್ರಿ’ ಎಂದು ಕೇಳಿದರೆ ‘ಇಲ್ಲರಿ’ ಎನ್ನುವ ಅಂಗಡಿಯವನು ‘ವೆರಿಟೊದ್ದು ಐತೇನ್ರಿ’ ಎಂದರೆ ಒಳಗೆ ಹೋಗಿ ಅದೇ ಡಬ್ಬಿ ತಂದು ಇಡುತ್ತಾನೆ. ಹೆಸರು ಬದಲಿಸಿ ಕೇಳುವುದೂ ಒಂದು ವಿದ್ಯೆ.

ಆದರೆ ಎಚ್ಚರ. ಬೀಗರೆಂದು ಎಲ್ಲರ ಚಪ್ಪಲಿ ಎಲ್ಲರ ಕಾಲಿಗೆ ಆಗುವುದಿಲ್ಲ. ಎಂಜಿನ್ ಒಂದೇ ಮನೆತನದ್ದಾದರೂ ಲೋಗನ್ನಿನದು 65 ಎಚ್‌ಪಿ, ಡಸ್ಟರಿನದು 85 ಮತ್ತು 110. ಟರ್ಬೊ, ಇಂಜೆಕ್ಟರ್, ಪಂಪು ಬೇರೆ ಇರಬಹುದು. ಹಳೆಯ ಭಾಗದ ಮೇಲೆ ಕೊರೆದ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಬೇಕು. ನಂಬರು ಕೂಡದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ತರಬಾರದು.

309ಕ್ಕೂ ಒಂದು ದೊಡ್ಡ ಬೀಗತನ ಇತ್ತು. ಅದರ 1,527 ಸಿಸಿ ಡೀಸೆಲ್ ಎಂಜಿನ್ನನ್ನೇ ಮಾರುತಿಯವರು 1990ರ ದಶಕದ ಕೊನೆಗೆ ಝೆನ್ ಮತ್ತು ಎಸ್ಟೀಮ್ ಡೀಸೆಲ್ ಗಾಡಿಗಳಿಗೆ ಹಾಕಿದರು. ಹೀಗಾಗಿ ಕಂಪನಿ ಹೋದ ಮೇಲೂ ಎಂಜಿನ್ ಪಾರ್ಟು ಮಾರುತಿ ಹೆಸರಿನಲ್ಲಿ ಬಹಳ ದಿನ ನಡೆದವು. ಆದರೆ ಮೈಗೆ ಬಳಗವಿರಲಿಲ್ಲ. ಮುಂದಿನ ಗಾಜು ಒಡೆದರೆ, ದೀಪ ಒಡೆದರೆ ಮುಂಬಯಿ ಕುರ್ಲಾದ ಗುಜರಿ ಸಾಲಿಗೋ ಬೆಂಗಳೂರಿನ ಅಂಗಡಿಗಳಿಗೋ ಅಲೆಯಬೇಕು. ಎದೆ ಗಟ್ಟಿ ಇದ್ದರೂ ಕಣ್ಣು ಹೋದ ಮೇಲೆ ಮನುಷ್ಯ ಎಷ್ಟು ದೂರ ನಡೆದಾನು? ಕೋಳಿಗಳಿಗೆ ಮನೆ ಆಯಿತು.

ಎರೆ ನಾಡಿನ ಐದು ಶತ್ರುಗಳು

ಪ್ಯಾರಿಸ್ಸಿನ ಎಂಜಿನಿಯರನಿಗೆ ಎರೆ ಮಣ್ಣು ಗೊತ್ತಿಲ್ಲ, ಬೆಣ್ಣೆಹಳ್ಳ ಗೊತ್ತಿಲ್ಲ. ಅವನ ಪುಸ್ತಕದಲ್ಲಿಲ್ಲದ ಶತ್ರುಗಳು ನಮ್ಮಲ್ಲಿವೆ.

ಮೊದಲನೆಯದು ಬ್ಯಾರಲ್ ಡೀಸೆಲ್. ಇದು ಸಾಹುಕಾರರು ಮೈಮೇಲೆ ಎಳೆದುಕೊಂಡ ಪಾಠ. ಒಂದು ಸುಗ್ಗಿಯಲ್ಲಿ ಹೊಲದ ಮನೆಯಲ್ಲಿ ಟ್ರ್ಯಾಕ್ಟರಿಗೆಂದು ಇಟ್ಟಿದ್ದ ಬ್ಯಾರಲ್ಲಿನಿಂದ ಹತ್ತು ಲೀಟರು ಕಾರಿಗೆ ಸುರಿದರು. ತಳದ ನೀರು, ತುಕ್ಕು, ಮಣ್ಣು ಎಲ್ಲ ಒಳಗೆ ಹೋಯಿತು. ಹಳೆಯ ಜೀಪಾಗಿದ್ದರೆ ಕೆಮ್ಮಿ ಸುಮ್ಮನಾಗುತ್ತಿತ್ತು. ಈ ಹೊಸ ನಮೂನೆಯ ಕಾಮನ್ ರೇಲ್ ಎಂಜಿನ್ನಿನಲ್ಲಿ ಡೀಸೆಲ್ಲು ಬಹಳ ಸಣ್ಣ ತೂತಿನಿಂದ ಭಾರೀ ಒತ್ತಡದಲ್ಲಿ ಹಾಯುತ್ತದೆ. ನಾಲ್ಕೂ ಇಂಜೆಕ್ಟರುಗಳನ್ನು ಬಿಚ್ಚಿ ರಿಪೇರಿಗೆ ಕಳಿಸಬೇಕಾಯಿತು. “ಹತ್ತ ಲೀಟರ್ ಉಳಿಸಾಕ ಹೋಗಿ ಒಂದ್ ವರ್ಷದ ಖರ್ಚ ಒಂದ ದಿನಾ ಮಾಡಿದೆ” ಎಂದು ಅವರೇ ಹಣೆ ಬಡಿದುಕೊಳ್ಳುತ್ತಾರೆ. ಅಂದಿನಿಂದ ಗದ್ದಲ ಇರುವ ಪಂಪಿನಲ್ಲೇ ಡೀಸೆಲ್ಲು. ಡೀಸೆಲ್ ಫಿಲ್ಟರಿನ ನೀರು ಇಳಿಸುವುದು ತಪ್ಪುವುದಿಲ್ಲ. ಫಿಲ್ಟರು ಬದಲಿಸುವ ದಿನ ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು.

ಎರಡನೆಯದು ರಸ್ತೆಯ ಮೇಲಿನ ಒಕ್ಕಲು. ಸುಗ್ಗಿ ಬಂತೆಂದರೆ ನಮ್ಮ ರಸ್ತೆಗಳೇ ಕಣ. ಹುರುಳಿ, ಕಡಲೆ, ಸೂರ್ಯಕಾಂತಿ ಎಲ್ಲ ಡಾಂಬರಿನ ಮೇಲೆ. ಮುಂದಿನ ಗಾಲಿ ಎಳೆಯುವ ಕಾರಿಗೆ ಇದು ಕಂಟಕ. ಹೊಟ್ಟು, ಬಳ್ಳಿ ಶಾಫ್ಟಿಗೆ ಸುತ್ತಿ ರಬ್ಬರ್ ಬೂಟನ್ನು ಹರಿಯುತ್ತವೆ. ಬೂಟು ಹರಿದರೆ ಗ್ರೀಸು ಹೋಗಿ ಮಣ್ಣು ಸೇರಿ ಇಡೀ ಶಾಫ್ಟು ಕೆಡುತ್ತದೆ. ಬಿಸಿ ಸೈಲೆನ್ಸರಿಗೆ ಒಣ ಹೊಟ್ಟು ತಾಗಿ ಬೆಂಕಿ ಹತ್ತುವುದೂ ಉಂಟು. ರೈತನಿಗೆ ಬೇರೆ ಕಣವಿಲ್ಲ ಎಂಬುದು ನಮಗೂ ಗೊತ್ತು. ಊರಿಗೊಂದು ಸಾರ್ವಜನಿಕ ಒಕ್ಕಲು ಕಟ್ಟೆ ಕಟ್ಟಿಸಿದರೆ ರೈತನಿಗೂ ಒಳ್ಳೆಯದು, ಬಸ್ಸಿನವರಿಗೂ ಒಳ್ಳೆಯದು. ಪಂಚಾಯತಿಯವರು ಇದನ್ನು ಓದಲಿ. ಅಲ್ಲಿಯ ತನಕ ಒಕ್ಕಲು ದಾಟಿದ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ಹೊಟ್ಟು ಕಿತ್ತು ಹಾಕುವುದು ಪುಕ್ಕಟೆಯ ರಿಪೇರಿ.

ಮೂರನೆಯದು ಇಲಿ. ಬಣವೆಯ ಹತ್ತಿರ, ಕಾಳಿನ ಗೋದಾಮಿನ ಹತ್ತಿರ ಕಾರು ನಿಲ್ಲಿಸಿದರೆ ಇಲಿಗಳಿಗೆ ಬೆಚ್ಚನೆಯ ಎಂಜಿನ್ನೇ ಬಾಣಂತಿ ಕೋಣೆ. ವೈರು ಕಡಿದವೆಂದರೆ ಯಾವ ತಂತಿ ಎಲ್ಲಿ ತುಂಡಾಯಿತೆಂದು ಹುಡುಕುವುದರಲ್ಲೇ ಮಿಸ್ತ್ರಿಯ ಎರಡು ದಿನದ ಕೂಲಿ. ಸಾಹುಕಾರರು ಗಾಡಿಯನ್ನು ಗೋದಾಮಿನಿಂದ ದೂರ ನಿಲ್ಲಿಸುತ್ತಾರೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತಾರೆ. ಒಂದೇ ಕಡೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ.

ನಾಲ್ಕನೆಯದು ಹಳ್ಳದ ನೀರು. ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ‘ಬಸ್ ಹೋತಲ್ಲ, ನಾವೂ ಹೋಗೂಣು’ ಎನ್ನುವ ಧೈರ್ಯ ಬೇಡ. ಬಸ್ಸಿನ ಎತ್ತರ ಬೇರೆ, ಕಾರಿನ ಎತ್ತರ ಬೇರೆ. ಗಾಳಿಯ ಜೊತೆ ನೀರು ಎಂಜಿನ್ನಿನೊಳಗೆ ಹೋದರೆ ಒಳಗಿನ ಕಬ್ಬಿಣ ಬಾಗುತ್ತದೆ. ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಚಾವಿ ತಿರುಗಿಸಲೇಬಾರದು. ನೂಕಿ ಹೊರಗೆ ತಂದು ಮಿಸ್ತ್ರಿಯನ್ನು ಕರೆಯಬೇಕು. ಹಳ್ಳ ಇಳಿಯುವ ತನಕ ಕಾಯುವುದಕ್ಕೆ ಖರ್ಚಿಲ್ಲ.

ಐದನೆಯದು ನಮ್ಮ ಸ್ವಂತ ಆಲಸ್ಯ. ಈ ಎಂಜಿನ್ನಿನ ಜೀವ ಇರುವುದು ಒಂದು ರಬ್ಬರ್ ಬೆಲ್ಟಿನಲ್ಲಿ. ಅದಕ್ಕೆ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಅದು ಸಪ್ಪಳ ಮಾಡಿ ಹೇಳುವುದಿಲ್ಲ, ಒಮ್ಮೆಲೇ ಹರಿಯುತ್ತದೆ. ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಇಷ್ಟು ಕಿಲೋಮೀಟರು ಇಲ್ಲವೇ ಇಷ್ಟು ವರ್ಷ ಎಂದು ಬರೆದಿರುತ್ತಾರೆ. ಯಾವುದು ಮೊದಲು ಬರುತ್ತದೋ ಅಂದೇ ಬದಲಿಸಬೇಕು. ‘ಗಾಡಿ ಕಡಿಮಿ ಓಡೈತಿ’ ಎಂದು ವರ್ಷವನ್ನು ಮರೆತವರು ಬಹಳ ಜನ. ರಬ್ಬರಿಗೆ ಓಡದಿದ್ದರೂ ವಯಸ್ಸಾಗುತ್ತದೆ. ಬೆಲ್ಟಿನ ಜೊತೆಗೆ ಅದರ ಟೆನ್ಶನರು, ನೀರಿನ ಪಂಪು ಕೂಡ ಅದೇ ಕೂಲಿಯಲ್ಲಿ ಮುಗಿಸುವುದು ಜಾಣತನ.

ದಿನಕ್ಕೆ ಐವತ್ತರ ಪಿಗ್ಮಿ

ಇಷ್ಟಕ್ಕೆಲ್ಲ ದುಡ್ಡು? ಇಲ್ಲಿಯೇ ನಮ್ಮ ಸಾಹುಕಾರರ ಜಾಣತನ ಮೆಚ್ಚಬೇಕು.

ಅಂಗಡಿಕಾರರಿಗೆ ಪಿಗ್ಮಿ ಹೊಸದಲ್ಲ. ಕರಾವಳಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ ಈ ದಿನಂಪ್ರತಿ ಉಳಿತಾಯ ನಮ್ಮ ಪ್ಯಾಟಿಯ ರಕ್ತದಲ್ಲೇ ಸೇರಿದೆ. ಸಾಹುಕಾರರು ಮಗಳ ಮದುವೆಯ ಪಿಗ್ಮಿಯ ಜೊತೆಗೆ ಕಾರಿನದೊಂದು ಬೇರೆ ಪಿಗ್ಮಿ ಮಾಡಿದರು. ದಿನಕ್ಕೆ 50 ರೂಪಾಯಿ. ವರ್ಷಕ್ಕೆ 18,250. ಡೀಸೆಲ್ಲಿನ ಖರ್ಚು ಇದರಲ್ಲಿಲ್ಲ. ಅದು ಮನೆಯ ಖರ್ಚು. ದುರಸ್ತಿ, ವಿಮೆ, ಸರಕಾರದ ಶುಲ್ಕ ಮಾತ್ರ ಇದರಲ್ಲಿ.

ಲೆಕ್ಕ ನೋಡಿರಿ. ಸಾವಿರದಿಂದ ಒಂದೂವರೆ ಸಾವಿರ ಸಿಸಿಯ ಕಾರಿಗೆ ಥರ್ಡ್ ಪಾರ್ಟಿ ವಿಮೆ 2022ರ ಜೂನಿನ ದರದಂತೆ 3,416 ರೂಪಾಯಿ, ತೆರಿಗೆ ಬೇರೆ. ಲೋಗನ್ ಡೀಸೆಲ್ಲು 1,461 ಸಿಸಿ ಇದ್ದದ್ದರಿಂದ ಬಚಾವು. ಒಂದೂವರೆ ಸಾವಿರ ದಾಟಿದ್ದರೆ 7,897 ಆಗುತ್ತಿತ್ತು. ನೋಂದಣಿಗೆ ವರ್ಷಕ್ಕೆ ಸಾವಿರ ಎತ್ತಿಡಬೇಕು. ಹೊಗೆ ತಪಾಸಣೆಯ ಚೀಟಿ ಇದ್ದೇ ಇದೆ. ಉಳಿದದ್ದರಲ್ಲಿ ಆಯಿಲು, ಫಿಲ್ಟರು. ಖರ್ಚಾಗದೆ ಉಳಿದ ವರ್ಷದ ದುಡ್ಡು ಟೈರು, ಬ್ಯಾಟರಿ, ಬೆಲ್ಟಿನ ವರ್ಷಕ್ಕೆ.

“ಮೊದಲ ಗಾಡಿ ಕೆಟ್ಟಾಗ ಗಲ್ಲೆಕ್ಕ ಕೈ ಹಾಕ್ತಿದ್ದೆ. ಅಂಗಡಿ ಮಾಲಿನ ರೊಕ್ಕ ಹೋಗ್ತಿತ್ತು. ಈಗ ಗಾಡಿ ರೊಕ್ಕ ಗಾಡೀನ ದುಡೀತೈತಿ” ಎನ್ನುತ್ತಾರೆ. ಮನೆಯವರ ಕೈಯಲ್ಲಿ ಒಂದು ವಹಿ ಇದೆ. ಯಾವ ತಾರೀಖಿಗೆ ಏನು ಬದಲಿಸಿದರು, ಎಷ್ಟು ಕಿಲೋಮೀಟರಿಗೆ, ಯಾರು ಮಾಡಿದರು ಎಲ್ಲ ಅದರಲ್ಲಿ ಬರಹ. ಹೊಸ ಮಿಸ್ತ್ರಿ ‘ಇದೂ ಹೋಗೈತಿ, ಅದೂ ಹೋಗೈತಿ’ ಎಂದು ಶುರು ಮಾಡಿದರೆ ವಹಿ ತೆರೆದು ತೋರಿಸುತ್ತಾರೆ. ಅವನು ಸುಮ್ಮನಾಗುತ್ತಾನೆ.

ಇನ್ನೊಂದು ಸಣ್ಣ ಮಾತು. ಈ ಕಾರಿನ ಚಾವಿಯಲ್ಲಿ ಕಳವು ತಡೆಯುವ ಚಿಪ್ ಇರುತ್ತದೆ. ಚಾವಿ ಕಳೆದರೆ ಸಂತೆಯ ಚಾವಿಯವನಿಂದ ಆಗುವುದಿಲ್ಲ. ಎರಡನೆಯ ಚಾವಿ ಟ್ರೆಜರಿಯಲ್ಲಿ ಭದ್ರವಾಗಿರಲಿ.

ಕೊಳ್ಳುವವರಿಗೆ, ಬಿಡುವವರಿಗೆ

ಸೋವಿ ಸಿಕ್ಕಿತೆಂದು ಹಳೆಯ ಫ್ರೆಂಚ್ ಕಾರಿಗೆ ಕೈ ಹಾಕುವವರು ಮೊದಲು ಕೇಳಬೇಕಾದ್ದು ದರವಲ್ಲ, ಬಳಗ. ಇದರ ಎಂಜಿನ್ನು ಇನ್ನಾವ ಗಾಡಿಯಲ್ಲಿದೆ? ಗಾಜು, ದೀಪ ಎಲ್ಲಿ ಸಿಗುತ್ತವೆ? ಬೆಲ್ಟು ಬದಲಿಸಿದ ಚೀಟಿ ಇದೆಯೇ? ಎರಡೂ ಚಾವಿ ಇವೆಯೇ? ಕೊಂಡ ದಿನವೇ ಕೈಯಲ್ಲಿದ್ದ ದುಡ್ಡೆಲ್ಲ ತೀರುವಂತಿದ್ದರೆ ಆ ಗಾಡಿ ನಿಮ್ಮದಲ್ಲ. ಮೊದಲ ವರ್ಷದ ದುರಸ್ತಿಗೆ ಬೇರೆ ಗಂಟು ಇರಬೇಕು.

ಕಲಘಟಗಿ ಕಡೆಯಿಂದ ಬಂದ ಗಾಡಿಯಾದರೆ ಮ್ಯಾಟು ಎತ್ತಿ ನೆಲ ನೋಡಿರಿ. ಮಲೆನಾಡ ಸೆರಗಿನ ಮಳೆಯಲ್ಲಿ ನಿಂತ ಗಾಡಿಗೆ ತುಕ್ಕಿನ ಅಂಜಿಕೆ ಹೆಚ್ಚು. ಎಂಜಿನ್ನಿಗೆ ಬೀಗರು ಸಿಕ್ಕಾರು, ತೂತು ಬಿದ್ದ ನೆಲಕ್ಕೆ ಸಿಗುವುದಿಲ್ಲ.

ಬಿಡುವ ಕಾಲವೂ ಬರುತ್ತದೆ. ಅದನ್ನು ಒಪ್ಪಿಕೊಳ್ಳಬೇಕು. ಒಂದೇ ದುರಸ್ತಿ ಮೂರು ವರ್ಷದ ಪಿಗ್ಮಿ ನುಂಗುವುದಾದರೆ, ಬ್ರೇಕು ಸ್ಟೇರಿಂಗಿನ ಮೇಲೆ ನಂಬಿಕೆ ಹೋದರೆ ಮೋಹ ಬೇಡ. ರೋಗಿಯನ್ನು ಕೂಡಿಸಿಕೊಂಡು ಹೋಗುವ ಗಾಡಿಯಲ್ಲಿ ಉಳಿತಾಯಕ್ಕೂ ಒಂದು ಗಡಿ ಇದೆ. ಆದರೆ ದಾರಿಯಲ್ಲಿ ಸಿಕ್ಕ ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಳ್ಳಬಾರದು. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟು ಪಡೆದು, ಆರ್‌ಸಿ ರದ್ದು ಮಾಡಿಸಬೇಕು. ಇಲ್ಲವಾದರೆ ಗಾಡಿ ಹೋದರೂ ಹೆಸರು ನಿಮ್ಮದೇ ಉಳಿದು, ನಾಳೆ ಯಾರೋ ಮಾಡಿದ ಅಪಘಾತಕ್ಕೆ ನೋಟೀಸು ನಿಮ್ಮ ಅಂಗಡಿಗೆ ಬಂದೀತು.

ಅಳಿಯನಿಗೆ ಇನ್ನೈದು ವರ್ಷ

2024ರಲ್ಲಿ ಸಾಹುಕಾರರು ಗಾಡಿ ತೊಳೆದು, ದೀಪ, ಹಾರ್ನು, ಬ್ರೇಕು ನೋಡಿಸಿ, ಹೊಗೆಯ ಚೀಟಿ ಹಿಡಿದು ತಪಾಸಣೆಗೆ ಒಯ್ದರು. ಸಂಜೆ ವಾಪಸು ಬಂದಾಗ ಚಹಾದ ಅಂಗಡಿಯವರು ಕಾಯುತ್ತಿದ್ದರು.

“ಏನಾತ್ರಿ?”

“2029ರ ತನಕ ಅಳಿಯಾ ಮನ್ಯಾಗ ಇರ್ತಾನ್ರಿ.”

ಮುಂದಿನ ಡಯಾಲಿಸಿಸ್ ದಿನ ಮುಂಜಾನೆ ನಾವೂ ಬಸ್ಸಿಗೆ ನಿಂತಿದ್ದೆವು. ಬಿಳಿ ಕಾರು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಅಜ್ಜಿ, ಡಿಕ್ಕಿಯಲ್ಲಿ ಅಂಗಡಿಯ ಖಾಲಿ ಚೀಲಗಳು. ಹೋಗುವಾಗ ಚಿಕಿತ್ಸೆ, ಬರುವಾಗ ಹುಬ್ಬಳ್ಳಿ ಪ್ಯಾಟಿಯ ಮಾಲು. ಒಂದೇ ಡೀಸೆಲ್ಲಿನಲ್ಲಿ ಎರಡು ಕೆಲಸ. ಲೋಗನ್ ಡಿಕ್ಕಿ 510 ಲೀಟರಿನದು, ಸಕ್ಕರೆ ಬೆಲ್ಲಕ್ಕೆ ಧಾರಾಳ.

“ಬರ್ತೀರೇನ್ರಿ ಹುಬ್ಬಳ್ಳಿಗೆ?” ಎಂದು ಸಾಹುಕಾರರು ಕೇಳಿದರು.

ಅಜ್ಜಿ ಸರಿದು ಜಾಗ ಮಾಡಿದರು. “ಕೂಡ್ರಪಾ. ಗಾಡಿ ಹಳೇದೈತಿ, ನಾನೂ ಹಳೇಕಿ ಅದೀನಿ. ಇಬ್ರೂ ಹೊತ್ತಿಗೆ ಸರಿಯಾಗಿ ಮುಟ್ಟತೀವಿ.”

ಮುಟ್ಟಿದೆವು. ಬಸ್ಸಿಗಿಂತ ಹತ್ತು ನಿಮಿಷ ಮೊದಲೇ.